ಗ್ರೀಲಿ ಹೊಲದ ಕೋಟೆ

ಟೈ ಮೂರನೆಯ ಸಲವೂ ಸೊಟ್ಟಗೇ ಕೂತಿತು. ಕನ್ನಡಿಯಲ್ಲಿ ಕಂಡ ತನ್ನ ಐವತ್ತಮೂರು ವರ್ಷದ ಮುಖದ ಮೇಲೆ ಕೋಲ್ಮನ್ ಹೆನೆಗನ್‌ಗೆ ಸಿಟ್ಟು ಬಂತು. ಗಲ್ಲದ ಮೇಲೆ ಬ್ಲೇಡು ತಗುಲಿದ ಕಡೆ ಅಂಟಿಸಿಕೊಂಡಿದ್ದ ಕಾಗದದ ಚೂರಿನ ನಡುವಿನಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಇವತ್ತು ಹನ್ನೊಂದು ಗಂಟೆಗೆ ಅವನು ಫೆಸ್ಟಸ್ ಗ್ರೀಲಿಯ ಹೊಲಕ್ಕೆ ಹೋಗಬೇಕಿತ್ತು. ಹೊಲದ ನಡುವೆ ಇರುವ ಹಳೆಯ ದುಂಡನೆಯ ಮಣ್ಣಿನ ಕೋಟೆಯನ್ನು ಕೆಡವಿ ನೆಲ ಸಮ ಮಾಡಬಹುದು ಎಂದು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಅಷ್ಟೆ. ಸರ್ಕಾರದ ಕೃಷಿ ಸಲಹೆಗಾರನಾಗಿ ಮೇಯೋ ಜಿಲ್ಲೆಯ ಈ ಮೂಲೆಯಲ್ಲಿ ಇಪ್ಪತ್ತಾರು ವರ್ಷ ತಿರುಗಿದವನಿಗೆ ಅಂಥ ಸಹಿ ಹೊಸದಲ್ಲ. ಜನ ಹೆದರಿ ಬಿಟ್ಟಿದ್ದ ಎಷ್ಟೋ ಕೋಟೆಗಳನ್ನು ಅವನೇ ಮುಂದೆ ನಿಂತು ಕೆಡವಿಸಿದ್ದ. ಅವುಗಳ ಏರಿಯ ಮೇಲಿದ್ದ ಮುಳ್ಳುಮರಗಳನ್ನು ಕಡಿಯಲು ಯಾರೂ ಮುಂದೆ ಬಾರದಿದ್ದಾಗ ಕೋಟು ಬಿಚ್ಚಿ ತಾನೇ ಮೊದಲ ಏಟು ಹಾಕಿದ್ದೂ ಇತ್ತು. ಆದರೂ ಟೈ ಸೊಟ್ಟಗೇ ಕೂತಿತು.

ಕೆಳಗೆ ಅಡುಗೆಮನೆಯಲ್ಲಿ ಡೀಲಿಯಾ ಅವನ ತಟ್ಟೆಗೆ ಎರಡು ಮೊಟ್ಟೆ ಇಳಿಸಿದಳು.

“ಇವತ್ತು ಯಾವ ಕಡೆ?”

“ಹೀಗೇ. ಗ್ರೀಲಿ ಕಡೆ.”

“ಯಾಕಂತೆ ಫೆಸ್ಟಸ್‌ಗೆ?”

“ಚರಂಡಿ ವಿಷಯ,” ಎಂದ ಕೋಲ್ಮನ್. ಹೇಳಿದ ಮೇಲೆ, ಇಷ್ಟು ಸಣ್ಣ ವಿಷಯಕ್ಕೆ ಸುಳ್ಳು ಯಾಕೆ ಹೇಳಿದೆ ಎಂದುಕೊಂಡ. ಸಣ್ಣ ವಿಷಯವಲ್ಲ ಎಂಬುದು ಗೊತ್ತಿದ್ದುದರಿಂದಲೇ ಆ ಸುಳ್ಳು ಅಷ್ಟು ಸಲೀಸಾಗಿ ಬಂದಿತ್ತು. ಅವಳು ಬ್ರೆಡ್ಡಿನ ಮೇಲೆ ಕಪ್ಪು ಹಣ್ಣಿನ ಜಾಮ್ ಸವರಿ ಅವನ ಕಡೆ ಸರಿಸಿದಳು. ಪ್ರತಿ ಸೆಪ್ಟೆಂಬರಿನಲ್ಲಿ ಅವಳು ಬಕೆಟ್ಟು ಹಿಡಿದು ಹೋಗುವುದು ಗ್ರೀಲಿಯ ಆ ಕೋಟೆಗೇ. ಊರಿನ ಬೇರೆ ಹೆಂಗಸರು ಅಲ್ಲಿನ ಹಣ್ಣು ಮುಟ್ಟುವುದಿಲ್ಲ. ಅದು ‘ಒಳ್ಳೆಯವರ’ ಪಾಲು. ಕೋಟೆಗಳ ಮಣ್ಣಿನ ಕೆಳಗೆ ವಾಸಿಸುತ್ತಾರೆಂದು ನಂಬಿದ ಆ ಮಾಯಾಜನರನ್ನು ಅವರ ಹೆಸರು ಹಿಡಿದು ಕರೆಯಲು ಯಾರಿಗೂ ಧೈರ್ಯವಿಲ್ಲ. ಡೀಲಿಯಾಗೆ ಅಂಥದ್ದೆಲ್ಲ ಇಲ್ಲ, ಅವಳು ಕೋಲ್ಮನ್ ಹೆನೆಗನ್ನನ ಹೆಂಡತಿ. ಯಾರೂ ಕೀಳದ ಕಾರಣ ಅಲ್ಲಿ ಹಣ್ಣು ದಪ್ಪ ಎಂದು ನಗುತ್ತಾ, ಕೈಯೆಲ್ಲ ನೇರಳೆ ಬಣ್ಣ ಮಾಡಿಕೊಂಡು ಬರುತ್ತಾಳೆ. ಇಪ್ಪತ್ನಾಲ್ಕು ಸೆಪ್ಟೆಂಬರ್‌ಗಳಲ್ಲಿ ಒಮ್ಮೆಯೂ ಅವನ ಬಾಯಿಂದ ‘ಬೇಡ’ ಎಂಬ ಮಾತು ಹೊರಟಿರಲಿಲ್ಲ. ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕಾರು ಮೊದಲ ತಿರುವು ದಾಟುವ ಹೊತ್ತಿಗೆ ಸಣ್ಣ ಮಳೆ ಹಿಡಿದಿತ್ತು. ಗಾಜು ಒರೆಸುವ ಕಡ್ಡಿ ಒಂದೇ ಕಡೆ ಗೀರುತ್ತ ಸದ್ದು ಮಾಡುತ್ತಿತ್ತು. ಇದಕ್ಕಿಂತ ಜೋರು ಮಳೆಯಿತ್ತು, ಇಪ್ಪತ್ನಾಲ್ಕು ವರ್ಷದ ಹಿಂದಿನ ಆ ದಿನ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಹಾಲಿನ ಡೇರಿಯಿಂದ ತಂದ ಬೆಣ್ಣೆಯ ಮರದ ಪೆಟ್ಟಿಗೆ ಅವನ ಕಂಕುಳಲ್ಲಿತ್ತು. ಅದು ಎಷ್ಟು ಹಗುರವಾಗಿತ್ತೆಂದರೆ ಖಾಲಿ ಪೆಟ್ಟಿಗೆ ತಂದೆನೇನೋ ಎಂದು ನಡುದಾರಿಯಲ್ಲಿ ಅನುಮಾನ ಬಂದಿತ್ತು. ಒಳಗಿದ್ದ ಅವನ ಮೊದಲ ಮಗು ಉಸಿರೇ ಎಳೆದಿರಲಿಲ್ಲ, ನೆತ್ತಿಗೆ ಜ್ಞಾನಸ್ನಾನದ ನೀರು ಬಿದ್ದಿರಲಿಲ್ಲ. ಆದ್ದರಿಂದ ಇಗರ್ಜಿಯ ನೆಲದಲ್ಲಿ ಜಾಗವಿಲ್ಲ ಎಂದು ಆಗಿನ ಪಾದ್ರಿ ಬಾಗಿಲಲ್ಲೇ ನಿಂತು ಹೇಳಿದ್ದರು, ಒರಟಾಗಿ ಅಲ್ಲ, ಅಂಗಡಿಯವನು ಸಕ್ಕರೆ ಮುಗಿದಿದೆ ಎನ್ನುವ ಹಾಗೆ. “ಎಲ್ಲರೂ ಎಲ್ಲಿಗೆ ಒಯ್ಯುತ್ತಾರೋ ಅಲ್ಲಿಗೆ ಒಯ್ಯಿ.” ಎಲ್ಲರೂ ಎಲ್ಲಿಗೆ ಒಯ್ಯುತ್ತಾರೆ ಎಂಬುದು ಆ ಸೀಮೆಗೆ ಹೊಸಬನಾದ ಕೋಲ್ಮನ್‌ಗೆ ತಿಳಿದಿರಲಿಲ್ಲ. ಪಕ್ಕದ ಹೊಲದ ಮುದುಕ ಬಾರ್ಟ್ಲಿ ಗ್ರೀಲಿ, ಈ ಫೆಸ್ಟಸ್‌ನ ಅಪ್ಪ, ಒಂದು ಮಾತೂ ಕೇಳದೆ ಗುದ್ದಲಿ ತೆಗೆದುಕೊಂಡು ಮುಂದೆ ನಡೆದಿದ್ದ. ಕೋಟೆಯ ಏರಿ ಹತ್ತಿ ಇಳಿದರೆ ಒಳಗೆ ತಟ್ಟೆಯಂಥ ದುಂಡು ಜಾಗ. ಹುಲ್ಲಿನಲ್ಲಿ ಅಲ್ಲಲ್ಲಿ ಮೂಗು ತೋರಿಸುವ ಸಣ್ಣ ಸಣ್ಣ ಕಲ್ಲುಗಳು. ಒಂದಕ್ಕೂ ಹೆಸರಿಲ್ಲ. ಅಗೆಯುವ ಮೊದಲು ಬಾರ್ಟ್ಲಿ ‘ಹಾಲಿ’ ಎಂಬ ಮುಳ್ಳೆಲೆಯ ಒಂದು ಗಿಡದ ಬುಡದಲ್ಲಿ ನಿಂತು, ಟೋಪಿ ತೆಗೆದು, ಎರಡು ಕಲ್ಲುಗಳನ್ನು ಬೆರಳಿನಿಂದ ಮುಟ್ಟಿ, ಮತ್ತೆ ಟೋಪಿ ಹಾಕಿಕೊಂಡ. ಕೋಲ್ಮನ್ ಯಾಕೆ ಎಂದು ಕೇಳಲಿಲ್ಲ.

ಮನೆಗೆ ಬಂದಾಗ ಡೀಲಿಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಎಲ್ಲಿಗೆ ಒಯ್ದೆ?” ಎಂದಳು. “ಎಲ್ಲಾ ಆಯ್ತು. ನೀನು ಮಲಕ್ಕೋ,” ಎಂದ. ಅವಳು ಮತ್ತೆ ಕೇಳಲಿಲ್ಲ. ಅವಳು ಕೇಳಲಿಲ್ಲವಲ್ಲ ಎಂಬುದೇ ಅವನಿಗೆ ಇಪ್ಪತ್ನಾಲ್ಕು ವರ್ಷ ನೆಪವಾಗಿ ಒದಗಿ ಬಂತು. ಆಮೇಲೆ ಒಬ್ಬ ಮಗಳು ಹುಟ್ಟಿದಳು, ಬೆಳೆದಳು, ಸ್ಲೈಗೋದಲ್ಲಿ ಟೀಚರಾದಳು. ಮೊದಲನೆಯದರ ಮಾತು ಮನೆಯಲ್ಲಿ ಎದ್ದದ್ದೇ ಇಲ್ಲ.

ಆದರೆ ಆ ಬೆಳಗಿನ ನಂತರ ಕೋಲ್ಮನ್‌ನೊಳಗೆ ಒಂದು ಹಟ ಸೇರಿಕೊಂಡಿತ್ತು. ಕೋಟೆ ಎಂದರೆ ಬರೀ ಮಣ್ಣು, ಸಾವಿರ ವರ್ಷದ ಹಿಂದೆ ದನ ಕಟ್ಟಲು ಯಾರೋ ಎತ್ತಿದ ಗೋಡೆ ಎಂದು ಸಿಕ್ಕವರಿಗೆಲ್ಲ ಹೇಳತೊಡಗಿದ. ಕೋಟೆಗಳೆಲ್ಲ ಬರೀ ಮಣ್ಣೆಂದು ಸಾಧಿಸಿಬಿಟ್ಟರೆ ತಾನು ಆ ಮಣ್ಣಿನಲ್ಲಿ ಇಟ್ಟದ್ದೂ ಬರೀ ಬೆಣ್ಣೆಯ ಪೆಟ್ಟಿಗೆಯಾಗುತ್ತದೆ ಎಂಬ ಲೆಕ್ಕ ಅದರೊಳಗೆ ಇತ್ತೇ? ಇತ್ತು ಎಂದು ಈಗ ಕಾರಿನೊಳಗೆ ಕೂತು ಒಪ್ಪಿಕೊಳ್ಳುವುದು ಸುಲಭ. ಹನ್ನೊಂದು ವರ್ಷದ ಹಿಂದೆ ಊರಿನ ಸಭಾಭವನದಲ್ಲಿ, ತುಂಬಿದ ಸಭೆಯ ಮುಂದೆ, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಭಾಷಣ ಹೊಡೆದಿದ್ದ. “ಮುಳ್ಳುಮರ ಕಡಿದ್ರೆ ಬಾಯಿ ಸೊಟ್ಟಗಾಗುತ್ತೆ ಅಂತೀರಿ. ನಾನು ನಲವತ್ತು ಕಡಿಸಿದೀನಿ. ನೋಡಿ ನನ್ನ ಬಾಯಿ, ಹೇಗೆ ನೆಟ್ಟಗಿದೆ.” ಜನ ನಕ್ಕರು. ನಗು ತಲೆಗೇರಿತು. “ಸರಿ, ಒಳ್ಳೆಯವರ ಕೈಗೆ ಏನನ್ನಾದ್ರೂ ಕಳಕೊಂಡೋರು ಇದ್ರೆ ಒಂದ್ಸಲ ಕೈ ಎತ್ತಿ, ನೋಡೋಣ.” ಮೂರನೆಯ ಸಾಲಿನಲ್ಲಿ ಬಾರ್ಟ್ಲಿಯ ಹೆಂಡತಿ ವಿನ್ನಿ ಕೈ ಎತ್ತಿದಳು. “ಏನು ಕಳಕೊಂಡ್ರಿ ವಿನ್ನಿ, ಹಸುನೋ ಕೋಳಿನೋ?” ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ. ಎತ್ತಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಇಳಿಸಿ, ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು. ಪಕ್ಕದಲ್ಲಿ ಬಾರ್ಟ್ಲಿ ನೆಲ ನೋಡುತ್ತ ಕೂತಿದ್ದ. ಬಾರ್ಟ್ಲಿ ಬದುಕಿದ್ದಷ್ಟು ದಿನ ತನ್ನ ಕೋಟೆ ಕೆಡವಲು ಅರ್ಜಿ ಹಾಕಲಿಲ್ಲ, ಕೋಲ್ಮನ್ ಹಾಕು ಎನ್ನಲಿಲ್ಲ. ಬಾರ್ಟ್ಲಿ ಸತ್ತು ಎರಡು ವರ್ಷವಾಯಿತು.

ಗೇಟಿನ ಬಳಿ ಹಳದಿ ಬುಲ್ಡೋಜರು ನಿಂತಿತ್ತು. ಅದರ ಚಕ್ರಪಟ್ಟಿಗೆ ಒರಗಿ ಡ್ರೈವರ್ ಮ್ಯಾಟಿ ಸಿಗರೇಟು ಸೇದುತ್ತಿದ್ದ. ಮಂಡಿಯವರೆಗೆ ರಬ್ಬರ್ ಬೂಟು ಹಾಕಿದ್ದ ಫೆಸ್ಟಸ್ ದೊಡ್ಡ ಹೆಜ್ಜೆ ಹಾಕುತ್ತ ಬಂದ.

“ಬನ್ನಿ ಸಾಹೇಬ್ರೇ! ಒಂಬತ್ತಕ್ಕೇ ಬಂದುಬಿಡ್ತೀರ ಅಂದ್ಕೊಂಡಿದ್ದೆ. ಕೋಟೆ ಕೆಡವೋದು ಅಂದ್ರೆ ನಿಮಗೆ ಮದುವೆ ಊಟ ಇದ್ದ ಹಾಗಲ್ವಾ.”

“ರಸ್ತೆ ಜಾರ್ತಿತ್ತು.”

“ಈ ಮ್ಯಾಟೀನ ನೋಡಿ. ಬೆಳಗ್ಗಿಂದ ಶಿಲುಬೆ ಗುರುತು ಹಾಕ್ಕೊಂಡು ಹಾಕ್ಕೊಂಡು ಹಣೆ ಸವೆದಿದೆ.”

“ಹಾಕ್ಕೊಂಡ್ರೆ ನಿಂದೇನು ಗಂಟು ಹೋಗುತ್ತೆ?” ಎಂದ ಮ್ಯಾಟಿ. “ಸಾಹೇಬ್ರು ಸಹಿ ಹಾಕ್ಲಿ, ಆಮೇಲೆ ಮುಟ್ತೀನಿ. ಏನಾದ್ರೂ ಆದ್ರೆ ಅವರ ತಲೆಗೇ ಬರ್ಲಿ.”

ಕೋಲ್ಮನ್ ನಕ್ಷೆ ಬಿಡಿಸಿದ. ಮಳೆಹನಿ ಬಿದ್ದು ಶಾಯಿ ಹರಡಿತು. ಕೋಟೆಯ ಕಡೆ ನೋಡದೆ, ಅದರ ಸುತ್ತ ಅಳೆಯುವವನ ಹಾಗೆ ಹೆಜ್ಜೆ ಹಾಕಿದ. ಬೂಟಿನೊಳಗೆ ನೀರು ನುಗ್ಗಿತು. ಇದು ತಗ್ಗು ಪ್ರದೇಶ, ಏರಿ ತೆಗೆದರೆ ನೀರು ನಿಲ್ಲುತ್ತದೆ ಎಂದ. ನೀರು ಇಳಿಯಲು ಪೈಪು ಹಾಕೋದು ಹೇಗೆ ಅಂತ ಹೋದ ವರ್ಷ ನೀವೇ ತೋರಿಸಿಕೊಟ್ಟಿರಲ್ಲ ಎಂದ ಫೆಸ್ಟಸ್. ಮಣ್ಣು ಸಾರವಿಲ್ಲದ್ದು ಎಂದ ಕೋಲ್ಮನ್. ಬಂಗಾರದಂಥ ಮಣ್ಣು ಅಂತ ನಿಮ್ಮ ಕೈಬರಹದಲ್ಲೇ ಮನೆಯಲ್ಲಿ ಕಾಗದ ಇದೆ ಎಂದ ಫೆಸ್ಟಸ್. ತಾನು ಕಲಿಸಿದ ಪಾಠಗಳೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತು ನಮಸ್ಕಾರ ಹೇಳುತ್ತಿದ್ದವು. ಹೇಳಬೇಕಾದದ್ದು ಒಂದೇ ವಾಕ್ಯ. ಅದರ ಮೊದಲ ಪದ ‘ನನ್ನ’. ಹೆಂಡತಿಗೇ ಹೇಳದ ಮಾತನ್ನು ಇವರಿಗೆ, ಈ ಮಳೆಯಲ್ಲಿ, ಸಿಗರೇಟು ಸೇದುವ ಮ್ಯಾಟಿಯ ಮುಂದೆ ಹೇಗೆ ಹೇಳುವುದು?

“ಇದನ್ನ ಬಿಟ್ಟುಬಿಡು ಫೆಸ್ಟಸ್.”

“ಯಾಕೆ?”

“ಕೋಟೆ... ಮುಟ್ಟಬಾರದು.”

ಫೆಸ್ಟಸ್ ಅವನ ಮುಖವನ್ನೇ ನೋಡಿದ. ಆಮೇಲೆ ಎರಡೂ ಕೈ ಮಂಡಿಗೆ ಊರಿ ನಕ್ಕ. “ಅಯ್ಯೋ, ಸಾಹೇಬ್ರು! ಒಂದು ಕ್ಷಣ ನನ್ನನ್ನೇ ನಂಬಿಸಿಬಿಟ್ರಲ್ಲ!”

“ತಮಾಷೆ ಅಲ್ಲ. ಬಾಲಾ ಊರಿನ ಕಡೆ ಒಬ್ಬ ಇದ್ದ,” ಎಂದ ಕೋಲ್ಮನ್. ತನ್ನ ದನಿ ಯಾರದೋ ಅನ್ನಿಸಿತು. “ನಾನೇ ಸಹಿ ಹಾಕಿಕೊಟ್ಟಿದ್ದೆ. ಬೆಳಗ್ಗೆ ಕೆಡವಿದ. ಮಧ್ಯಾಹ್ನ ಊಟಕ್ಕೆ ಕೂತಾಗ ಚಮಚ ಬಾಯಿಗೆ ಹೋಗ್ಲಿಲ್ಲ. ಕೈ ಬಿದ್ದುಹೋಗಿತ್ತು. ವಾರದೊಳಗೆ ಅವನ ಹಸುಗಳೆಲ್ಲ ರಕ್ತ ಕರೆದವು.” ಅಂಥ ಮನುಷ್ಯ ಬಾಲಾದಲ್ಲಿ ಇರಲಿಲ್ಲ, ಎಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷ ಯಾವ ಕಥೆಗಳನ್ನು ಹಲ್ಲು ಕಿತ್ತು ಬಿಸಾಡಿದ್ದನೋ ಅವುಗಳ ತುಂಡುಗಳನ್ನೇ ಹೆಕ್ಕಿ ಜೋಡಿಸುತ್ತಿದ್ದ. ಚೆನ್ನಾಗಿಯೂ ಜೋಡಿಸುತ್ತಿದ್ದ, ಅದೇ ನಾಚಿಕೆಗೇಡು.

ಮ್ಯಾಟಿ ಸಿಗರೇಟು ಬಿಸಾಡಿದ. “ಸಾಹೇಬ್ರೇ ಹೀಗಂದ ಮೇಲೆ ನಾನು ಕೈ ಹಾಕಲ್ಲಪ್ಪ. ನನಗೆ ನಾಲ್ಕು ಮಕ್ಕಳಿದಾರೆ.”

ಫೆಸ್ಟಸ್‌ನ ನಗು ಅಷ್ಟರಲ್ಲಿ ಸಿಟ್ಟಾಗಿ ತಿರುಗಿತ್ತು. “ಏನ್ರೀ ಇದು ಆಟ? ನಮ್ಮಮ್ಮನ್ನ ಇಡೀ ಊರಿನ ಮುಂದೆ ನಗೆಪಾಟಲು ಮಾಡಿದೋರು ನೀವು. ವರ್ಷಗಟ್ಟಲೆ ನನ್ನ ನೋಡಿದ್ರೆ ಕೋಳಿ ಕೂಗೋರು ಗೊತ್ತಾ, ‘ಏನೋ ಫೆಸ್ಟಸ್, ಕೋಳಿ ಸಿಕ್ತಾ’ ಅಂತ. ಅವಮಾನ ನುಂಗ್ಕೊಂಡು ನಿಮ್ಮ ಮಾತೇ ಸರಿ ಅಂತ ನಡಕೊಂಡೆ. ಈಗ ನೀವೇ ಬಂದು ನನಗೆ ಅಜ್ಜಿ ಕಥೆ ಹೇಳ್ತೀರಾ?”

ಕೋಲ್ಮನ್ ಬಾಯಿ ತೆರೆದ. ಆಗ ಮನೆಯ ಕಡೆಯಿಂದ ವಿನ್ನಿ ಬರುತ್ತಿರುವುದು ಕಂಡಿತು. ತಲೆಗೆ ಬಟ್ಟೆ ಕಟ್ಟಿ, ಒಂದು ಕೈಯಲ್ಲಿ ಚಹಾದ ಕ್ಯಾನು, ಇನ್ನೊಂದು ಕೈಯಲ್ಲಿ ಕೋಲು. ಎಪ್ಪತ್ತರ ಹತ್ತಿರದ ಹೆಂಗಸು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದಳು.

“ಯಾಕೋ ಕಿರುಚ್ತೀಯ? ಅಂಗಳದವರೆಗೂ ಕೇಳುತ್ತೆ.”

“ಸಾಹೇಬ್ರು ಹೇಳ್ತಿದಾರೆ ಕಣಮ್ಮ, ಕೋಟೆ ಕೆಡವಿದ್ರೆ ನನ್ನ ಕೈ ಬಿದ್ದುಹೋಗುತ್ತಂತೆ!”

ವಿನ್ನಿ ಕೋಲ್ಮನ್‌ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ಬಾಗಿಲು ತೆರೆದು ಹಿಡಿದು, ಒಳಗೆ ಬರುತ್ತೀಯೋ ಇಲ್ಲವೋ ಎಂದು ಕೇಳುವವಳ ಹಾಗೆ. ಅವನು ನಕ್ಷೆಯನ್ನು ಮಡಚತೊಡಗಿದ. ಅವಳು ಕ್ಯಾನನ್ನು ನೆಲಕ್ಕಿಟ್ಟಳು.

“ನಿನ್ನ ಕೈಗೇನೂ ಆಗಲ್ಲ ಫೆಸ್ಟಸ್. ಅವರು ಕಥೆ ಕಟ್ತಿದಾರೆ. ಅಲ್ಲಿ ನಿನ್ನ ಅಕ್ಕ ಇದಾಳೆ. ನಿನ್ನ ತಮ್ಮ ಇದಾನೆ. ಇಬ್ರಿಗೂ ನೀರು ಬಿದ್ದಿರಲಿಲ್ಲ. ನಿಮ್ಮಪ್ಪ ತಗೊಂಡು ಹೋಗಿ ಅಲ್ಲಿ ಮಲಗಿಸಿ ಬಂದ್ರು.”

ಮ್ಯಾಟಿ ಟೋಪಿ ತೆಗೆದ.

“ಅಮ್ಮಾ...” ಎಂದ ಫೆಸ್ಟಸ್. “ನನಗ್ಯಾಕೆ ಹೇಳಲಿಲ್ಲ?”

“ಯಾರಿಗೆ ಹೇಳೋದು? ಆವತ್ತು ಸಭೇಲಿ, ಏನಾದ್ರೂ ಕಳಕೊಂಡಿದ್ರೆ ಕೈ ಎತ್ತಿ ಅಂದ್ರು. ಎತ್ತಿದೆ. ನಕ್ಕರು.” ಅವಳು ಕೋಲಿನ ತುದಿಯಿಂದ ಕೆಸರು ಕೆದಕಿದಳು. “ಒಳ್ಳೆಯವರು ಇದಾರೋ ಇಲ್ವೋ ನನಗೆ ಗೊತ್ತಿಲ್ಲ. ಇದ್ರೆ ಒಳ್ಳೇದು ಅಂದ್ಕೊಂಡಿದೀನಿ. ದೇವರ ಮನೆಯೋರು ಬೇಡ ಅಂದ ಮಕ್ಕಳನ್ನ ಅವರಾದ್ರೂ ನೋಡ್ಕೊಳ್ಳಲಿ ಅಂತ. ನೀನು ಅಲ್ಲಿ ಮುಟ್ಟೋದಾದ್ರೆ ಮೊದಲು ನನ್ನ ಮುಟ್ಟು.”

ಫೆಸ್ಟಸ್ ಮ್ಯಾಟಿಯ ಭುಜ ತಟ್ಟಿ, ಅವನ ಜೊತೆ ಗೇಟಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಬುಲ್ಡೋಜರು ಗುಡುಗುಟ್ಟಿಕೊಂಡು ರಸ್ತೆಗೆ ತಿರುಗಿತು.

ಕೋಟೆಯ ಹತ್ತಿರ ಅವರಿಬ್ಬರೇ ಉಳಿದರು. ಈಗಲಾದರೂ ಹೇಳು ಎಂದು ಕೋಲ್ಮನ್‌ನೊಳಗೆ ಒಂದು ದನಿ ಒತ್ತಾಯಿಸುತ್ತಿತ್ತು. ಆದರೆ ಮೊದಲು ಮಾತಾಡಿದವಳು ವಿನ್ನಿ.

“ನಿಂದೂ ಒಂದು ಅಲ್ಲಿದೆ. ಬಾರ್ಟ್ಲಿ ಒಂದ್ಸಲ ಹೇಳಿದ್ರು.”

“ಹೂಂ.”

“ನನ್ನವು ಯಾವ ಕಲ್ಲು ಅಂತ ಮಾತ್ರ ಕೊನೇವರೆಗೂ ಹೇಳಲಿಲ್ಲ. ಹೇಳಿದ್ರೆ ಅಲ್ಲೇ ಹೋಗಿ ಕೂತಿರ್ತೀಯ ಅಂತಿದ್ರು.”

ಬಾರ್ಟ್ಲಿ ಅಂದು ನಿಂತಿದ್ದ ಮುಳ್ಳೆಲೆಯ ಗಿಡ ಈಗ ಮರವಾಗಿತ್ತು. ಕೋಲ್ಮನ್ ಅವಳ ಮೊಣಕೈ ಹಿಡಿದು ಏರಿ ಹತ್ತಿಸಿ ಇಳಿಸಿದ. ಬೇರಿನ ಸಂದಿಯಲ್ಲಿ ಪಾಚಿ ಹತ್ತಿದ ಎರಡು ಕಲ್ಲುಗಳು ಒಂದಕ್ಕೊಂದು ಒರಗಿಕೊಂಡಿದ್ದವು. “ಇವು. ಬಾರ್ಟ್ಲಿ ಇಲ್ಲಿ ನಿಂತು ಮುಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ,” ಎಂದ. ಅವಳು ಬಗ್ಗಲಿಲ್ಲ, ಅಳಲಿಲ್ಲ. ಕೋಲಿನ ಮೇಲೆ ಎರಡೂ ಕೈ ಊರಿ ನೋಡುತ್ತ ನಿಂತಳು. ಅವನ ಕಡೆ ತಿರುಗದೆಯೇ ಕೇಳಿದಳು: “ಡೀಲಿಯಾಗೆ ಹೇಳಿದೀಯಾ?” ಅವನು ತನ್ನ ಬೂಟಿನ ಕೆಸರನ್ನು ಹುಲ್ಲಿಗೆ ಒರೆಸತೊಡಗಿದ. “ಥೂ,” ಎಂದಳು, ಮೆಲ್ಲಗೆ.

ಅಲ್ಲಿಂದ ನೇರ ಮನೆಗೆ ಹೋಗಲು ಅವನಿಂದಾಗಲಿಲ್ಲ. ಕೆರೆಯ ಬದಿಯಲ್ಲಿ ಕಾರು ನಿಲ್ಲಿಸಿ ಎರಡು ಗಂಟೆ ಕೂತ. ಹೇಳಬೇಕಾದದ್ದನ್ನು ಹತ್ತಾರು ಬಗೆಯಲ್ಲಿ ಜೋಡಿಸಿ ನೋಡಿದ. ಎಲ್ಲದರಲ್ಲೂ ಆ ಪಾದ್ರಿಯೋ ಆ ಕಾಲವೋ ತಪ್ಪಿತಸ್ಥರಾಗಿ, ತಾನು ಪಕ್ಕದಲ್ಲಿ ಕೈಕಟ್ಟಿ ನಿಂತವನಾಗಿ ಕಾಣುತ್ತಿದ್ದ. ಪಾದ್ರಿ ಜಾಗ ಇಲ್ಲ ಎಂದದ್ದು ನಿಜ. ಡೀಲಿಯಾಗೆ ಹೇಳಬೇಡ ಎಂದು ಯಾವ ಪಾದ್ರಿಯೂ ಅಂದಿರಲಿಲ್ಲ. ಪೆಟ್ರೋಲಿಗೆ ನಿಲ್ಲಿಸಿದಾಗ ಬಂಕಿನ ಹೆಂಗಸು ಪೈಪು ಸಿಕ್ಕಿಸಿ, ಕಿಟಕಿಗೆ ಬಗ್ಗಿ, ಅವನ ಮುಖವನ್ನು ಎಡಕ್ಕೂ ಬಲಕ್ಕೂ ಪರೀಕ್ಷಿಸಿದಳು. “ಬಾಯಿ ಇನ್ನೂ ನೆಟ್ಟಗಿದೆಯಲ್ಲ ಸಾಹೇಬ್ರೇ! ಮ್ಯಾಟಿ ಏನೇನೋ ಹೇಳಿದ.” ಒಳಗೆ ಯಾರೋ ಕೋಳಿಯ ಹಾಗೆ ಕೂಗಿದರು. ಮ್ಯಾಟಿ ಕೈ ಬಿದ್ದ ಕಥೆಯನ್ನಷ್ಟೇ ಹೇಳಿದ್ದ. ವಿನ್ನಿಯ ಮಾತನ್ನು ಯಾರಿಗೂ ಹೇಳಿರಲಿಲ್ಲ. ಸಿಗರೇಟು ಸೇದುವ ಮ್ಯಾಟಿಗೆ ತನಗಿಂತ ಹೆಚ್ಚು ಮರ್ಯಾದೆ ಗೊತ್ತಿತ್ತು.

ಮನೆಯಲ್ಲಿ ಡೀಲಿಯಾ ಇಸ್ತ್ರಿ ಮಾಡುತ್ತಿದ್ದಳು. ನಾಲ್ಕು ಗಂಟೆ. ಅವನು ಒದ್ದೆ ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತ. ಜೋಡಿಸಿಟ್ಟುಕೊಂಡ ವಾಕ್ಯಗಳಲ್ಲಿ ಒಂದೂ ಒದಗಲಿಲ್ಲ.

“ನಮ್ಮ ಮಗು ಗ್ರೀಲಿ ಕೋಟೇಲಿದೆ,” ಎಂದ.

ಇಸ್ತ್ರಿ ಅವನ ಅಂಗಿಯ ತೋಳಿನ ಮೇಲೆ ನಿಂತಿತು. ಬಟ್ಟೆ ಸುಡುವ ವಾಸನೆ ಬಂದಾಗ ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

“ಕ್ಯಾಸಲ್‌ಬಾರ್‌ನ ಸನ್ಯಾಸಿನಿಯರ ತೋಟದಲ್ಲಿದೆ ಅಂದ್ಕೊಂಡಿದ್ದೆ,” ಎಂದಳು. “ಬಸ್ಸು ಆ ತೋಟದ ಗೋಡೆ ದಾಟುವಾಗೆಲ್ಲ ಆ ಕಡೆ ಕಿಟಕೀಲಿ ಕೂರ್ತಿದ್ದೆ.”

“ಡೀಲಿಯಾ...”

“ಇಪ್ಪತ್ನಾಲ್ಕು ವರ್ಷ ಬೇರೆ ಯಾರದೋ ಗೋಡೆ ನೋಡಿದೆ.” ಅವಳ ದನಿ ಏರಲಿಲ್ಲ. “ನೀನು ನನ್ನ ಕೈಗೆ ಬಕೆಟ್ಟು ಕೊಟ್ಟು ಅಲ್ಲಿಗೇ ಕಳಿಸ್ತಿದ್ದೆ. ಬಂದ ಮೇಲೆ ಹಣ್ಣು ಚೆನ್ನಾಗಿದೆ ಅಂತ ಹೇಳ್ತಿದ್ದೆ. ಏನು ಮನುಷ್ಯನೋ ನೀನು?”

ಅವಳು ಕೋಟು ಹಾಕಿಕೊಂಡು ಕಾರಿನಲ್ಲಿ ಹೋಗಿ ಕೂತಳು. ಮಳೆ ನಿಂತಿತ್ತು, ಮೋಡದ ಕೆಳಗಿನಿಂದ ಬಂದ ಸಂಜೆಯ ಬಿಸಿಲು ಹೊಲದಲ್ಲಿ ನಿಂತ ನೀರನ್ನೆಲ್ಲ ತಗಡಿನ ಹಾಗೆ ಹೊಳೆಯಿಸುತ್ತಿತ್ತು. ಏರಿ ಹತ್ತುವಾಗ ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಮುಳ್ಳುಮರದ ಕೊಂಬೆ ಹಿಡಿದು ಹತ್ತಿ, ಆಚೆ ಇಳಿದಳು.

“ಯಾವುದು?”

ಕೋಲ್ಮನ್ ಸುತ್ತಲೂ ನೋಡಿದ. ಹುಲ್ಲು, ಮುಳ್ಳುಬಳ್ಳಿ, ದನ ತುಳಿದ ಗುಂಡಿ, ಅಲ್ಲಲ್ಲಿ ಕಲ್ಲು. ಬೇಲಿಯ ಕಡೆಯದೊಂದು, ನಡುವಿನದೊಂದು, ಅರ್ಧ ಮುಳುಗಿದ ಇನ್ನೊಂದು. ಒಂದನ್ನು ತೋರಿಸಿದರೆ ಸಾಕಿತ್ತು, ಅವಳು ನಂಬುತ್ತಿದ್ದಳು. ತೋರಿಸಲು ಅವನ ಕೈ ಅರ್ಧ ಎದ್ದೂ ಇತ್ತು.

“ಗೊತ್ತಿಲ್ಲ,” ಎಂದ.

“ಗೊತ್ತಿಲ್ಲ ಅಂದ್ರೆ?”

“ಕಲ್ಲಿಟ್ಟಿದ್ದು ಬಾರ್ಟ್ಲಿ. ನಾನು ಆ ಕಡೆ ಮುಖ ಮಾಡಿ ನಿಂತಿದ್ದೆ. ಬೇಗ ಮುಗೀಲಿ ಅಂತ ಕಾಯ್ತಿದ್ದೆ.”

ಡೀಲಿಯಾ ಅವನನ್ನು ನೋಡಿದಳು. ಹೊಡೆಯುತ್ತಾಳೆ ಅನ್ನಿಸಿತು, ಹೊಡೆದರೆ ಒಳ್ಳೆಯದು ಅನ್ನಿಸಿತು.

“ನೀನು ಆಚೆ ಹೋಗು,” ಎಂದಳು.

ಅವನು ಏರಿ ದಾಟಿ ಹೊರಗೆ ಬಂದ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಕೋಟೆಗಳ ನೆತ್ತಿಯ ಮೇಲೆ ನಿಂತು ಆಜ್ಞೆ ಕೊಟ್ಟವನು ಈಗ ಒಂದರ ಹೊರಗೆ, ಕೆಸರಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಒಳಗೆ ಒದ್ದೆ ಹುಲ್ಲು ಸರಿಸುವ ಸದ್ದು. ಆಮೇಲೆ ಅವಳ ದನಿ. ಪ್ರಾರ್ಥನೆ ಇರಬೇಕೆಂದು ತಲೆ ತಗ್ಗಿಸಿದ. ಪ್ರಾರ್ಥನೆಯಾಗಿರಲಿಲ್ಲ. ಅವಳು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಳು, ಹೊತ್ತಾದರೂ ಏಳದ ಮಗನನ್ನು ಎಬ್ಬಿಸುವಷ್ಟೇ ಮೆಲ್ಲಗೆ.

“ಡೆಕ್ಲನ್.”

ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಅವಳ ಬಾಯಿಂದ ಆ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ಎರಡು ಹೆಜ್ಜೆ ಆಚೆಯಿಂದ ಅದೇ ದನಿ ಮತ್ತೆ ಕರೆಯಿತು. ಆಮೇಲೆ ಬೇಲಿಯ ಕಡೆಯಿಂದ. ಒಂದೊಂದು ಕಲ್ಲಿನ ಬಳಿಯೂ ಬಗ್ಗಿ ಕರೆಯುತ್ತಿದ್ದಾಳೆ ಎಂಬುದು ಆಗ ತಿಳಿಯಿತು. ಏರಿಯ ಮೇಲೆ ಒಂದು ಕಾಲು ಇಟ್ಟ, ಹಿಂದಕ್ಕೆ ತೆಗೆದ. ಅವನನ್ನು ಅವಳು ಕರೆದಿರಲಿಲ್ಲ.

“ಡೆಕ್ಲನ್,” ಎಂದಳು ಡೀಲಿಯಾ, ಈಗ ಪಡುವಣದ ಅಂಚಿನಿಂದ. ಇನ್ನೂ ಎಷ್ಟೋ ಕಲ್ಲುಗಳಿದ್ದವು.